ದಾವಲ್ ಸಾಬರ ಅಂಗಡಿಯಲ್ಲಿ ಇಟ್ಟಿಗಿಯ ಒಗ್ಗರಣೆ

ನಿವೃತ್ತರಾದ ಮೇಷ್ಟರಿಗೆ ಹೆದರಲು ಏನಿರುತ್ತದೆ ಎಂದು ನೀವು ಕೇಳಬಹುದು. ಶಾಲಾ ತಪಾಸಣೆಯಿಲ್ಲ, ವರ್ಗಾವಣೆಯಿಲ್ಲ, ಬೆಳಗಾದರೆ ಮುಖ್ಯೋಪಾಧ್ಯಾಯರ ಮುಖ ನೋಡಬೇಕಾಗಿಲ್ಲ. ಎಲ್ಲವೂ ನಿಜ. ಆದರೆ ಕೊಟ್ಟೂರಿನ ನಮ್ಮ ಮನೆಯಲ್ಲಿ ಒಂದು ಅಡುಗೆಮನೆ ಇದೆ, ಅಡುಗೆಮನೆಯಲ್ಲಿ ಗುರುಬಸಮ್ಮ ಇದ್ದಾಳೆ. (ನನ್ನ ಧರ್ಮಪತ್ನಿ. ಧರ್ಮ ಅವಳದು, ಪಾಲಿಸುವುದು ನನ್ನದು.) ಕಳೆದ ತಿಂಗಳು ನಾನು ಪಟ್ಟ ಭಯವನ್ನು ಯಾವ ತಪಾಸಣೆಯೂ ಹುಟ್ಟಿಸಿರಲಿಲ್ಲ.

ನಾನು ಕೆಲಸ ಮಾಡಿದ ಊರುಗಳನ್ನು ನೆನಪಿಟ್ಟುಕೊಂಡಿರುವುದೇ ತಿಂದದ್ದರಿಂದ. ಹಡಗಲಿ ಎಂದರೆ ಕಣ್ಣಮುಂದೆ ಬರುವುದು ಶಾಲೆಯಲ್ಲ; ಶಾಲೆಯ ಹಿಂದಿನ ಖಾನಾವಳಿಯ ಬಿಸಿ ಜೋಳದ ರೊಟ್ಟಿ, ಎಣ್ಣೆ ಬಿಟ್ಟ ಬದನೆಕಾಯಿ. ಹರಪನಹಳ್ಳಿ ಎಂದರೆ ಬೆಣ್ಣೆದೋಸೆ. ಅದರ ಪಲ್ಯಕ್ಕೆ ಮಾತ್ರ ಉಪ್ಪು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಕೂಡ್ಲಿಗಿಯ ಒಬ್ಬ ಅಜ್ಜಿಯ ಉದ್ದಿನವಡೆಯ ತೂತಿನಲ್ಲಿ ನನ್ನ ಯೌವನವೇ ಕಳೆದುಹೋಗಿದೆ. ಗುಡೇಕೋಟೆಯಲ್ಲಿ ನಾನಿದ್ದಾಗ ಇದ್ದುದು ಒಂದು ಚಹಾದ ಗುಡಿಸಲು. ಅಲ್ಲಿಂದ ಬೇಗ ವರ್ಗ ಮಾಡಿಸಿಕೊಂಡೆ.

ಇನ್ನು ಕೊಟ್ಟೂರಿನಲ್ಲಿ, ಬಸ್ ನಿಲ್ದಾಣದ ಬಳಿ ದಾವಲ್ ಸಾಬನ ಅಂಗಡಿ. ಮಂಡಕ್ಕಿಯನ್ನು ನೆನೆಸಿ, ಹಿಂಡಿ, ಒಗ್ಗರಣೆಗೆ ಹಾಕಿ ಕಲಸಿದರೆ ಆ ತಿಂಡಿಗೇ ನಮ್ಮ ಕಡೆ ಒಗ್ಗರಣೆ ಎಂದು ಹೆಸರು. ಜೊತೆಗೆ ಬಿಸಿ ಮಿರ್ಚಿ ಬಜ್ಜಿ. ಒಗ್ಗರಣೆ ಕಲಸುವವನು ನನ್ನ ಹಳೆಯ ಶಿಷ್ಯ ದಾವಲ್ ಸಾಬ್, ಮಿರ್ಚಿ ಕರಿಯುವವಳು ಅವನ ಹೆಂಡತಿ ಬಿಬಿಜಾನ್. ನನ್ನ ಬೆಳಗಿನ ವಾಯುವಿಹಾರ ದಿನವೂ ಕೊನೆಗೊಳ್ಳುತ್ತಿದ್ದುದು ಅವರ ಬೆಂಚಿನ ಮೇಲೆ.

ಒಗ್ಗರಣೆಯ ವಿಷಯದಲ್ಲಿ ನಮ್ಮ ಮನೆಯ ಘನತೆ ಬೇರೆಯದೇ. ಗುರುಬಸಮ್ಮನ ತವರು ಇಟ್ಟಿಗಿ. ಅಲ್ಲಿ ಅವಳ ತಾಯಿ ಮಾಡುತ್ತಿದ್ದ ಒಗ್ಗರಣೆ ಅವಳಿಗೆ ಬಂದಿದೆ, ಬೇರಾರಿಗೂ ಹೋಗಿಲ್ಲ. ನನ್ನ ತಂಗಿ ಪುಷ್ಪಲತಾ ಹರಪನಹಳ್ಳಿಗೆ ಸೊಸೆಯಾಗಿ ಹೋದಂದಿನಿಂದ ಅದನ್ನು ಮಾಡುವ ಬಗೆ ಕೇಳುತ್ತಲೇ ಇದ್ದಾಳೆ. ಗುರುಬಸಮ್ಮ ಇಲ್ಲವೆನ್ನುವುದಿಲ್ಲ, ಕೂರಿಸಿಕೊಂಡು ಪ್ರೀತಿಯಿಂದಲೇ ಹೇಳುತ್ತಾಳೆ, ಪ್ರತಿಸಲವೂ ಒಂದೊಂದು ಸಾಮಾನು ಬಿಟ್ಟು. ಪುಷ್ಪಲತಾ ಊರಿಗೆ ಹೋಗಿ ಮಾಡಿ, ಕೆಡಿಸಿ, ಮತ್ತೆ ಬಂದು ಕೇಳುತ್ತಾಳೆ. ಅತ್ತಿಗೆ ನಾದಿನಿಯರ ಹೋಗಿಬರುವಿಕೆ ನಿಂತಿರುವುದೇ ಇದರ ಮೇಲೆ.

ನನಗೊಂದು ರೋಗವಿದೆ. ತಪ್ಪು ಕಂಡರೆ ತಿದ್ದದೆ ಇರಲಾರೆ. ದಾವಲ್ ಸಾಬನ ಒಗ್ಗರಣೆ ಮುದ್ದೆಯಾಗುತ್ತಿತ್ತು. "ಮಂಡಕ್ಕೀನ ಬಕೀಟಿನಾಗ ಮುಳುಗಿಸಬ್ಯಾಡಪ್ಪ, ಬುಟ್ಟಿಯಾಗ ಹಾಕಿ ಮ್ಯಾಲ ನೀರು ಹೊಯ್ಯಿ" ಎಂದೆ. ಮರುದಿನ ಹೂವಿನಂತೆ ಬಿಡಿಬಿಡಿಯಾಗಿ ಬಂತು. ಶಿಷ್ಯ ಪಾಠ ಕಲಿತರೆ ಗುರುವಿನ ಬಾಯಿ ನಿಲ್ಲುತ್ತದೆಯೇ? ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜು ಎಂದೆ. ಪುಟಾಣಿ ಹಿಟ್ಟನ್ನು, ಅಂದರೆ ಹುರಿಗಡಲೆ ಹಿಟ್ಟನ್ನು, ಒಲೆ ಆರಿಸಿದ ಮೇಲೆ ಉದುರಿಸು ಎಂದೆ. ಮನೆಯಲ್ಲಿ ಬಾಗಿಲ ಸಂದಿಯಿಂದ ನೋಡಿದ್ದನ್ನೆಲ್ಲ ಬೆಂಚಿನ ಮೇಲೆ ಕುಳಿತು, ಇಟ್ಟಿಗಿಯ ಹೆಸರು ಸಮೇತ, ಬೋಧಿಸಿಬಿಟ್ಟೆ. ಸ್ವಲ್ಪ ದಿನಗಳಲ್ಲೇ ಅಂಗಡಿಯ ಮುಂದೆ ಜನ ನಿಂತು ತಿನ್ನತೊಡಗಿದರು. ಹಗರಿಬೊಮ್ಮನಹಳ್ಳಿಯ ಬಸ್ಸಿನ ಕಂಡಕ್ಟರು ಇಲ್ಲಿ ಪ್ಲೇಟು ಖಾಲಿ ಮಾಡದೆ ಸೀಟಿ ಊದುತ್ತಿರಲಿಲ್ಲ.

ಆಗ ನನಗೆ ನಾನು ಮಾಡಿದ್ದೇನೆಂದು ಹೊಳೆಯಿತು. ಇಟ್ಟಿಗಿಯ ಗುಟ್ಟು ಊರೆಲ್ಲರ ಬಾಯಲ್ಲಿತ್ತು. ಗುರುಬಸಮ್ಮ ಒಂದು ತುತ್ತು ತಿಂದರೆ ಮುಗಿಯಿತು. ಪುಣ್ಯಕ್ಕೆ ಅವಳು ಹೊರಗಡೆ ತಿನ್ನುವುದಿಲ್ಲ ಎಂದು ಧೈರ್ಯ ಹೇಳಿಕೊಳ್ಳುತ್ತಿದ್ದಾಗಲೇ ಪುಷ್ಪಲತಾ ಬಂದಿಳಿದಳು.

ಗುರುಬಸಮ್ಮ ಒಗ್ಗರಣೆ ಬಡಿಸಿದಳು. ಪುಷ್ಪಲತಾ ಒಂದು ತುತ್ತು ತಿಂದು ಕಣ್ಣರಳಿಸಿದಳು.

"ಅತ್ತಿಗಿ, ಬಸ್ಸಿಳಿದು ಹಸಿವಾತು ಅಂತ ದಾವಲ್ ಸಾಬರ ಅಂಗಡ್ಯಾಗ ಒಂದು ಪ್ಲೇಟ್ ತಿಂದೆ. ಥೇಟ್ ಇದೇ ರುಚಿ ನೋಡು. ನೀ ಅಲ್ಲೇ ಕಲ್ತಿಯೇನು?"

ಗುರುಬಸಮ್ಮನ ಕೈಯ ಸೌಟು ನಿಂತಿತು. "ಏನಂದಿ?"

"ಸಿಟ್ಟಾಗಬ್ಯಾಡ. ಅಂಗಡ್ಯಾಗ ಸಿಗೋದನ್ನ ನನಗ ಹೇಳಾಕ ಇಷ್ಟು ವರ್ಷ ಹಿಂದಮುಂದ ನೋಡಿದ್ಯಲ್ಲ, ಅದಕ್ಕಂದೆ."

ಗುರುಬಸಮ್ಮ ನನ್ನತ್ತ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದೆ.

"ಏನ್ರಿ, ಹೋಗಿ ಒಂದು ಪ್ಲೇಟ್ ಕಟ್ಟಿಸ್ಕೊಂಡು ಬರ್ರಿ. ನೋಡೇಬಿಡಾಣ."

ನಾನು ನಡೆದೆನೋ ಓಡಿದೆನೋ ತಿಳಿಯದು. ಅಂಗಡಿಯಲ್ಲಿ ಏದುಸಿರು ಬಿಡುತ್ತಾ ಹೇಳಿದೆ: "ದಾವಲ್, ಒಂದು ಪಾರ್ಸಲ್ ಕೊಡಪ್ಪ. ಆದ್ರ ಕೆಡಿಸಿ ಕೊಡು."

ದಾವಲ್ ಸಾಬ್ ಬಾಣಲೆಯಿಂದ ತಲೆ ಎತ್ತಿದ. "ಏನ್ ಕೆಡಸ್ಬೇಕ್ರಿ ಸರ?"

"ಒಗ್ಗರಣಿ. ಮೊದಲು ಮಾಡ್ತಿದ್ಯಲ್ಲ, ಹಂಗ."

ಮಿರ್ಚಿಯ ಎಣ್ಣೆಯ ಹಿಂದಿನಿಂದ ಬಿಬಿಜಾನ್ ಹೇಳಿದಳು: "ಕೆಡಿಸಿ ಮಾಡಾಕ ನಮಗೀಗ ಬರಂಗಿಲ್ರಿ ಸರ. ಬರ್ತಿತ್ತು. ನೀವ ಬಿಡಿಸಿದ್ರಿ."

"ಒಂದ್ ಸಲ ನೆನಪು ಮಾಡ್ಕೊಳ್ಳವ್ವ. ನನ್ನ ಜೀವದ ಪ್ರಶ್ನಿ ಐತಿ."

ಗುರುವಿನ ಕಣ್ಣಲ್ಲಿ ನೀರು ಕಂಡು ದಾವಲ್ ಸಾಬ್ ಹಿಡಿ ಮಂಡಕ್ಕಿಯನ್ನು ಬಕೀಟಿನಲ್ಲಿ ಅದ್ದಿ, ಅರಿಸಿನ ಸುರಿದು, ಮುಖ ಆಚೆ ತಿರುಗಿಸಿಕೊಂಡು ಕಲಸಿಕೊಟ್ಟ.

ಮನೆಯಲ್ಲಿ ಗುರುಬಸಮ್ಮ ಪೊಟ್ಟಣ ಬಿಚ್ಚಿ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡಳು. ಅವಳ ಮುಖ ಮೆಲ್ಲಗೆ ಅರಳಿತು.

"ಇದಾ? ಇದಕ್ಕ ನಮ್ಮವ್ವನ ಒಗ್ಗರಣಿ ಹೋಲಿಸಿದ್ಯೇನ, ಪುಷ್ಪಲತಾ? ಇದು ಗ್ವಾಡಿಗೆ ಮೆತ್ತಾಕ ಬರತೈತಿ."

ಹೋದ ಜೀವ ಬಂತು. ಆದರೆ ನನ್ನ ಒಡಹುಟ್ಟಿದವಳು (ವಿಧಿ ಮನೆಯೊಳಗೇ ಹುಟ್ಟುತ್ತದೆ) ತಾನೂ ಒಂದು ತುತ್ತು ತಿಂದಳು. "ಇದಲ್ಲ ಅತ್ತಿಗಿ. ನಾ ತಿಂದಿದ್ದು ಇದಲ್ಲ. ಅಣ್ಣ, ನೀ ಯಾವ ಅಂಗಡಿಗೆ ಹೋಗಿದ್ದಿ?"

ಗುರುಬಸಮ್ಮ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. "ನಡೀರಿ. ನಾವ ಹೋಗಾಣ."

ಆ ದಾರಿ ಇಷ್ಟು ಚಿಕ್ಕದೆಂದು ನನಗೆ ಎಂದೂ ಅನಿಸಿರಲಿಲ್ಲ. ಅಂಗಡಿ ಮುಚ್ಚಿರಲಿ, ಸಿಲಿಂಡರು ಖಾಲಿಯಾಗಿರಲಿ ಎಂದು ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಅಂಗಡಿ ತೆರೆದಿತ್ತು, ಜನ ತುಂಬಿತ್ತು. ಗುರುಬಸಮ್ಮನ ಬೆನ್ನ ಹಿಂದೆ ನಿಂತು, ಏನೂ ಹೇಳಬೇಡವೆಂದು ತುಟಿಯ ಮೇಲೆ ಬೆರಳಿಟ್ಟು ದಾವಲ್ ಸಾಬನಿಗೆ ತೋರಿಸಿದೆ. ನಲವತ್ತು ವರ್ಷಗಳ ಹಿಂದೆ ತರಗತಿಯಲ್ಲಿ ನಾನು ಹಾಗೆ ಮಾಡಿದರೆ ಗದ್ದಲ ಅಡಗಿಸಬೇಕೆಂದು ಅರ್ಥ. ಅವನು ಮರೆತಿರಲಿಲ್ಲ.

"ಏ, ಎಲ್ಲಾರೂ ಸುಮ್ನಿರ್ರಪ. ಸರ ಬಂದಾರ" ಎಂದು ಗಿರಾಕಿಗಳ ಬಾಯಿ ಮುಚ್ಚಿಸಿದ. ಆಮೇಲೆ ಆ ನಿಶ್ಶಬ್ದದಲ್ಲಿ ಒಬ್ಬರಿಗೂ ಕೇಳದೆ ಹೋಗಬಾರದೆಂಬಂತೆ ಗಟ್ಟಿಯಾಗಿ ಹೇಳಿದ: "ಬರ್ರಿ ಅಮ್ಮಾರ, ಕೂಡ್ರಿ. ಈ ಅಂಗಡಿ ನಡ್ಯಾಕ ಹತ್ತಿದ್ದ ಸರಿಂದ. ಬುಟ್ಟಿಯಾಗ ನೆನಸೋದು, ಬಳ್ಳೊಳ್ಳಿ ಜಜ್ಜೋದು, ಪುಟಾಣಿ ಹಿಟ್ಟು, ಎಲ್ಲಾ ಅವರ ಹೇಳಿಕೊಟ್ಟಾರ. ಇಟ್ಟಿಗಿ ಒಗ್ಗರಣಿ ಅಂತ ಬೋರ್ಡ ಬರಸಾಕತ್ತೀನ್ರಿ."

ಪುಷ್ಪಲತಾ ಮೊಬೈಲು ತೆಗೆದಳು. ನಾನು ಬೆಂಚಿನ ಕಾಲು ಹಿಡಿದುಕೊಂಡೆ.

ಗುರುಬಸಮ್ಮ ನನ್ನತ್ತ ನೋಡಲಿಲ್ಲ. ಪ್ಲೇಟು ತೆಗೆದುಕೊಂಡು ನಿಧಾನವಾಗಿ ತಿಂದಳು. ಅಷ್ಟೂ ಗಿರಾಕಿಗಳು ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಹಿಟ್ಟಿನಾಗ ಒಣಕೊಬ್ಬರಿ ಹಾಕೀರೇನು?" ಎಂದು ಕೇಳಿದಳು.

"ಕೊಬ್ಬರಿ ಸರ ಹೇಳಿಲ್ಲಲ್ರಿ ಅಮ್ಮಾರ."

"ಹೇಳಿರಂಗಿಲ್ಲ. ಗೊತ್ತಿದ್ರಲ್ಲ ಹೇಳಾಕ. ಅರ್ಧ ಪಾಠ ಮಾಡಿ ಇಟ್ಟಿಗಿ ಹೆಸರು ಕೆಡಿಸ್ಯಾರ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆದಳು. "ಸರೀರಿ ಬಿಬಿಜಾನ್, ಸೌಟು ಕೊಡ್ರಿ ಇಲ್ಲಿ."

ಆ ಸುತ್ತಿನ ಒಗ್ಗರಣೆ ತಿಂದ ಜನ ಎರಡನೆಯ ಪ್ಲೇಟು ಕೇಳಿದರು. ಕಂಡಕ್ಟರು ಬಸ್ಸನ್ನು ಮರೆತ. ಗುರುಬಸಮ್ಮನ ಮುಖ ಮದುವೆಯ ದಿನವೂ ಅಷ್ಟು ಹೊಳೆದಿರಲಿಲ್ಲ. ಪುಷ್ಪಲತಾ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡಳು. ಅತ್ತಿಗೆ ಬೇಡವೆನ್ನಲಿಲ್ಲ, ಬೆಳಕಿನತ್ತ ತಿರುಗಿ ನಿಂತಳು. ಬದುಕಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ವಾಯುವಿಹಾರಕ್ಕೆ ಹೊರಡುವಾಗ ಅವಳು ಆಗಲೇ ಹೊಸ್ತಿಲಲ್ಲಿ ನಿಂತಿದ್ದಳು.

"ನಾನು ಅಂಗಡಿಗೆ ಹೊಂಟೀನಿ. ದಿನಾ ಒಂದ್ ಸಲ ಹೋಗಿ ರುಚಿ ನೋಡಬೇಕು, ಬೋರ್ಡಿನ ಮ್ಯಾಲ ನಮ್ಮೂರ ಹೆಸರು ಬರತೈತಿ. ಮಂಡಕ್ಕಿ ಡಬ್ಬಿಯಾಗ ಐತಿ, ಬಳ್ಳೊಳ್ಳಿ ಬುಟ್ಟಿಯಾಗ. ಊರಿಗೆಲ್ಲ ಹೇಳಿಕೊಟ್ಟೀರಿ, ಇನ್ನ ಮನ್ಯಾಗ ನಿಮ್ಮ ಕೈಲೆ ಮಾಡ್ರಿ."

ಈಗ ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ಅಂಗಡಿಗೆ ಹೋಗಿ ತಿನ್ನುವಂತಿಲ್ಲ, ಅಲ್ಲಿ ಅವಳಿರುತ್ತಾಳೆ. ಮನೆಯಲ್ಲಿ ತಿನ್ನುವಂತಿಲ್ಲ, ಇಲ್ಲಿ ಮಾಡುವವನು ನಾನು. ಅವಳು ಬಿಬಿಜಾನಳ ಮಿರ್ಚಿ ತಿಂದು ತೇಗುತ್ತಾ ಬರುವ ಹೊತ್ತಿಗೆ ನಾನು ಬಾಣಲೆ ಇಳಿಸಿ, ಕೈ ಕಟ್ಟಿಕೊಂಡು, ಫಲಿತಾಂಶಕ್ಕೆ ಕಾಯುವ ಏಳನೆಯ ತರಗತಿಯವನಂತೆ ನಿಂತಿರುತ್ತೇನೆ. ಅವಳು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ತಲೆ ಎತ್ತಿ ಮಾಡಿನ ಜಂತೆ ನೋಡುತ್ತಾಳೆ.

"ನಾಳಿಗೆ ಮತ್ತ ಮಾಡ್ರಿ" ಎನ್ನುತ್ತಾಳೆ.