ಇಟಲಿ ಬ್ಯಾಗಿನ ಮೂಡಲಪಾಳ್ಯ ತನಿಖೆ

ಯಾವುದೇ ಸುದ್ದಿಯ ಮೂಲವನ್ನು ಅರ್ಧ ದಿನದಲ್ಲಿ ಪತ್ತೆ ಮಾಡಬಲ್ಲೆ ಎಂಬ ಹೆಮ್ಮೆ ನನಗಿತ್ತು. ಸುದ್ದಿಮನೆಯಲ್ಲಿ ಕೂತು ಕೂದಲು ಉದುರಿಸಿಕೊಂಡವನಿಗೆ ಒಂದು ಹೆಂಗಸರ ಬ್ಯಾಗಿನ ಮೂಲ ಯಾವ ಲೆಕ್ಕ?

ವಿಷಯ ಇಷ್ಟೇ. ನನ್ನ ನಾದಿನಿ ರೇಖಾ ಯುರೋಪ್ ಪ್ರವಾಸದಿಂದ ಬರುವಾಗ ಅಕ್ಕನಿಗೆ, ಅಂದರೆ ನನ್ನ ಹೆಂಡತಿ ವಸುಧಾಗೆ, ಒಂದು ಡಿಸೈನರ್ ಬ್ಯಾಗ್ ತಂದಳು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅದರ ಪ್ರದರ್ಶನ ಏರ್ಪಟ್ಟಿತು. ಎದುರು ಮನೆಯ ನಾಗರತ್ನಮ್ಮ ಬದನೆಕಾಯಿಯಲ್ಲಿ ಹುಳುಕು ಹುಡುಕುವಂತೆ ಅದನ್ನು ತಿರುಗಿಸಿ ನೋಡಿ ತೀರ್ಪು ಕೊಟ್ಟರು.

“ಇವೆಲ್ಲ ನಮ್ ಮೂಡಲಪಾಳ್ಯದಲ್ಲೇ ಹೊಲಿಯೋದು ಕಣಮ್ಮ.”

“ಒಳಗೆ ಇಟಲಿ ಅಂತ ಪಟ್ಟಿ ಇದೆ ನೋಡಿ!”

“ಪಟ್ಟಿ ಹೊಲಿಯೋಕೆ ಇಟಲಿಗೇ ಹೋಗ್ಬೇಕಾ?”

ಅಂದು ವಸುಧಾ ತಟ್ಟೆ ಇಟ್ಟ ಸದ್ದಿನಲ್ಲೇ ಪರಿಸ್ಥಿತಿಯ ಗಾಂಭೀರ್ಯ ನನಗೆ ತಿಳಿಯಿತು. ಮುಂದಿನ ತಿಂಗಳು ಕುರುಬರಹಳ್ಳಿಯಲ್ಲಿ ಅವಳ ಅಣ್ಣನ ಮನೆ ಗೃಹಪ್ರವೇಶ. ನಮ್ಮ ಬೀದಿಗೆ ಬೀದಿಯೇ ಆಹ್ವಾನಿತ.

“ರೀ, ಅಷ್ಟರೊಳಗೆ ಇದು ಎಲ್ಲೀದು ಅಂತ ಗೊತ್ತಾಗ್ಬೇಕು. ಇಲ್ದಿದ್ರೆ ನಾನು ಕೈ ಬೀಸ್ಕೊಂಡೇ ಬರ್ತೀನಿ.”

ಆರೋಪ ಬಂದರೆ ಮೊದಲು ಸಂಬಂಧಪಟ್ಟವರ ಪ್ರತಿಕ್ರಿಯೆ ಪಡೆಯಬೇಕು. ಅದು ವೃತ್ತಿಧರ್ಮ. ನಾದಿನಿಗೆ ಫೋನ್ ಮಾಡಿದೆ.

“ರೇಖಾ, ನೀನು ಕೊಟ್ಟಿದ್ದು ಲೋಕಲ್ ಬ್ಯಾಗ್ ಅಂತ ಆರೋಪ ಇದೆ. ಏನ್ ಹೇಳ್ತೀಯ?”

“ಭಾವ, ಮೊದ್ಲು ಆ ಬ್ಯಾಗ್ ವಾಪಸ್ ಕೊಡಿ!” ಫೋನ್ ಕಟ್ಟಾಯಿತು. ಒಂದು ಕಡೆಯ ಹೇಳಿಕೆ ದೊರೆತಂತಾಯಿತು!

ಇನ್ನು ಸ್ಥಳ ಪರಿಶೀಲನೆ. ಮೂಡಲಪಾಳ್ಯದಲ್ಲಿ ಬ್ಯಾಗ್ ಹೊಲಿಸುವ ಶಿವಣ್ಣನವರ ಮಳಿಗೆ ಹುಡುಕಿಕೊಂಡು ಹೋದೆ. ಬ್ಯಾಗ್ ಕಂಡದ್ದೇ ಶಿವಣ್ಣ ಎದ್ದು ನಿಂತರು.

“ಏನ್ ಕಟಿಂಗ್ ಸಾರ್ ಇದು! ನಮ್ದಲ್ಲ ಅನ್ಸುತ್ತೆ. ಆದ್ರೂ ಎರಡು ದಿನ ಬಿಟ್ಟು ಹೋಗಿ. ಒಳಹೊಲಿಗೆ ಬಿಚ್ಚಿ ನೋಡಿ ಖಚಿತವಾಗಿ ಹೇಳ್ತೀನಿ.”

ನಾನಿನ್ನೂ ಮೆಟ್ಟಿಲಿಳಿದಿರಲಿಲ್ಲ, ಒಬ್ಬ ಟೇಪ್ ಹಿಡಿದು ಉದ್ದಗಲ ಅಳೆಯತೊಡಗಿದ. ಇನ್ನೊಬ್ಬ ಬ್ಯಾಗನ್ನು ದೊಡ್ಡ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದ. ಎಂಥ ಶಿಸ್ತಿನ ತನಿಖೆ! ನನ್ನ ಮನಸ್ಸಿನಲ್ಲಿ ಗೌರವ ಮೂಡಿತು.

ಎರಡು ದಿನ ಬಿಟ್ಟು ಶಿವಣ್ಣ ಬ್ಯಾಗ್ ಹಿಂದಿರುಗಿಸಿ, “ಗ್ಯಾರಂಟಿ ನಮ್ ಏರಿಯಾದ್ದಲ್ಲ ಸಾರ್” ಎಂದರು. ನನ್ನ ಕೈ ಹಿಡಿದು ಕುಲುಕಿದರು. ಕಾಫಿ ಕುಡಿಸಿದರು. ಇಷ್ಟೊಂದು ಉಪಚಾರ ಯಾಕೆಂದು ನಾನು ಕೇಳಲಿಲ್ಲ. ಹೇಳಿ ಕೇಳಿ ಎಲ್ಲರಿಗೂ ಪ್ರಶ್ನೆ ಹಾಕುವುದೇ ನನ್ನ ಕಸುಬು!

ಬೀದಿಯಲ್ಲಿ ನಿಂತು ತನಿಖಾ ಫಲಿತಾಂಶ ಪ್ರಕಟಿಸಿದೆ. ನಾಗರತ್ನಮ್ಮ ಗೇಟು ಹಾಕಿಕೊಂಡು ಒಳಗೆ ಹೋದರು. ವಸುಧಾ ಆ ವಾರ ಎರಡು ಸಲ ಕಾಯಿ ಹೋಳಿಗೆ ಮಾಡಿದಳು.

ಗೃಹಪ್ರವೇಶದ ದಿನ ವಸುಧಾ ಬ್ಯಾಗ್ ತೂಗಾಡಿಸುತ್ತ ಒಳಗೆ ಕಾಲಿಟ್ಟು, ಹಾಗೇ ನಿಂತಳು. ಅದೇ ಬ್ಯಾಗ್, ಸೋದರತ್ತೆಯ ಕೈಯಲ್ಲಿ. ಅದೇ ಬ್ಯಾಗ್, ಪುರೋಹಿತರ ಹೆಂಡತಿಯ ಹೆಗಲಲ್ಲಿ. ಅದೇ ಬ್ಯಾಗ್, ಸಾಕ್ಷಾತ್ ನಾಗರತ್ನಮ್ಮನ ಕಂಕುಳಲ್ಲಿ!

“ಮೂಡಲಪಾಳ್ಯದಲ್ಲಿ ತಗೊಂಡೆ” ಎಂದರು ನಾಗರತ್ನಮ್ಮ. “ಯಾರೋ ಪುಣ್ಯಾತ್ಮ ತಾನಾಗೇ ಬಂದು ಸ್ಯಾಂಪಲ್ ಕೊಟ್ಟು ಹೋದನಂತೆ.”

ವಸುಧಾ ಪುಣ್ಯಾತ್ಮನ ಕಡೆ ನೋಡಿದಳು.

ರೇಖಾ ನನ್ನ ಪಕ್ಕ ಬಂದು, “ಭಾವ, ಇಟಲೀಲೂ ಇಷ್ಟೊಂದು ಇರ್ಲಿಲ್ಲ!” ಎಂದು ಬಿದ್ದು ಬಿದ್ದು ನಕ್ಕಳು. ಅಲ್ಲಿಗೆ ಅವಳ ಕೋಪವಾದರೂ ಕರಗಿತು.

ಊಟ ಮುಗಿಯುವಷ್ಟರಲ್ಲಿ ಬ್ಯಾಗುಗಳೆಲ್ಲ ಒಂದೇ ಮಂಚದ ಮೇಲೆ ರಾಶಿ ಬಿದ್ದಿದ್ದವು. “ನಮ್ದು ಯಾವ್ದು ರೀ?” ಎಂದಳು ವಸುಧಾ. ಈ ವಿಷಯದಲ್ಲಿ ಅಲ್ಲಿದ್ದ ಏಕೈಕ ತಜ್ಞ ನಾನು. ಚರ್ಮ ಮುಟ್ಟಿದೆ, ಮೂಸಿದೆ, ಹೊಲಿಗೆ ಎಣಿಸಿದೆ. ಅಸಲಿಯನ್ನು ಎತ್ತಿಕೊಂಡೆ.

ಮನೆಗೆ ಬಂದು ತೆರೆದರೆ ಒಳಗೆ ನಾಗರತ್ನಮ್ಮನ ಕನ್ನಡಕ!

ಅಷ್ಟರಲ್ಲಿ ಅವರೇ ಬಾಗಿಲಿಗೆ ಬಂದರು. “ತಗೊಳ್ಳಿ ಸಾರ್ ನಿಮ್ದು. ಜಿಪ್ಪೇ ಸರಿಯಿಲ್ಲ. ನನ್ದೇ ಎಷ್ಟೋ ವಾಸಿ.”

ವಸುಧಾ ನಗು ತಡೆಯಲಾರದೆ ಸೋಫಾದ ಮೇಲೆ ಕುಸಿದಳು. ಕಣ್ಣೊರೆಸಿಕೊಂಡು, “ನಾಗರತ್ನಮ್ಮ, ನಾಳೆ ಶಿವಣ್ಣನ ಹತ್ರ ಹೋಗಿ ಜಿಪ್ ಹಾಕಿಸ್ಕೊಂಡ್ ಬರೋಣ” ಎಂದಳು.

“ಸ್ಕೂಟರ್‌ನಲ್ಲಿ ನಾನೇ ಹೋಗಿ...” ಎಂದು ಬಾಯಿ ತೆರೆದೆ.

“ನೀವು ಮನೇಲಿರಿ!” ಎಂದರು ಇಬ್ಬರೂ.

ಇದ್ದೆ.