ವಿಭೂತಿ ಮರದ ಹದಿನಾರು ಎಲೆಗಳು

ಇಪ್ಪತ್ತೆರಡು ವರ್ಷಗಳಿಂದ ತಿ. ನರಸೀಪುರದ ಹೈಸ್ಕೂಲಿನಲ್ಲಿ ಸಸ್ಯಗಳ ಪಾಠ ಹೇಳುತ್ತಿರುವ ನನಗೆ ಒಂದು ಗಿಡ ಬೆಳೆಸುವುದು ಯಾವ ಮಹಾ ಕೆಲಸ? ಈ ಧೈರ್ಯದಿಂದಲೇ ಬೇಸಿಗೆ ರಜೆಯಲ್ಲಿ ಒಂದು ದಿನ ಊಟಿ ರಸ್ತೆಯ ನರ್ಸರಿಯೊಂದಕ್ಕೆ ನುಗ್ಗಿ, ನಂಜನಗೂಡಿನ ನಮ್ಮ ಮನೆಯ ಅಂಗಳಕ್ಕೆ ಹಾರ್ಸ್ ಚೆಸ್ಟ್‌ನಟ್ ಎಂಬ ಗಿಡವನ್ನು ತಂದುಬಿಟ್ಟೆ.

ಗಿಡ ನನ್ನ ಎದೆಯೆತ್ತರ ಇತ್ತು. ಒಂದೊಂದು ಎಲೆಗೂ ಅಂಗೈ ಬಿಚ್ಚಿದ ಹಾಗೆ ಏಳು ಎಸಳು. ಎಸಳಿನ ಮೇಲೆಲ್ಲ ಬಿಳಿ ಪಟ್ಟೆ, ಬಿಳಿ ಮಚ್ಚೆ. ನರ್ಸರಿಯವನು ಪ್ರಾಮಾಣಿಕವಾಗಿಯೇ ಹೇಳಿದ್ದ: "ಚಳಿ ದೇಶದ ಮರ ಸಾ. ನಮ್ ಬಿಸ್ಲಿಗೆ ಕಷ್ಟ."

"ನಾನು ಸೈನ್ಸ್ ಮೇಷ್ಟ್ರು ಕಣಪ್ಪ" ಎಂದೆ. ಅವನು ದುಡ್ಡು ಎಣಿಸಿಕೊಂಡ.

ಹೆಂಡತಿ ಗಿರಿಜಾ ಗಿಡಕ್ಕೆ ಒಂದು ಸುತ್ತು ಬಂದು ವಿಚಾರಣೆ ಶುರು ಮಾಡಿದಳು.

"ಹೂವು ಬಿಡುತ್ತಾ?"

"ಬಿಡುತ್ತೆ. ಹತ್ತು ಹದಿನೈದು ವರ್ಷ ಆಗಬೇಕು."

"ಕಾಯಿ ತಿನ್ನಬಹುದಾ?"

"ವಿಷ."

"ಮತ್ತೆ ಯಾಕ್ರೀ ತಂದ್ರಿ?"

"ಅಲಂಕಾರಕ್ಕೆ!"

"ಸುಣ್ಣ ಹೊಡೆಯೋವಾಗ ಸಿಡಿದ ಹಾಗಿದೆ" ಎಂದು ಅವಳು ಒಳಗೆ ಹೋದಳು.

ಆ ಮೇ ತಿಂಗಳಿನಲ್ಲಿ ನಾನು ಗಿಡಕ್ಕೆ ಸಲ್ಲಿಸಿದ ಸೇವೆಯನ್ನು ಹೆತ್ತವರಿಗೂ ಸಲ್ಲಿಸಿದವನಲ್ಲ. ಮೇಲೆ ನನ್ನ ಕೊಡೆ ಕಟ್ಟಿದೆ. ಬುಡಕ್ಕೆ ದಿನಾ ಎರಡು ಟ್ರೇ ಐಸ್ ಸುರಿದೆ. ಮಧ್ಯಾಹ್ನದ ಹೊತ್ತು ಕಿಟಕಿಯಿಂದ ವೈರು ಎಳೆದು ಟೇಬಲ್ ಫ್ಯಾನ್ ಇಟ್ಟೆ! "ಅಡುಗೆಮನೆಗೊಂದು ಫ್ಯಾನ್ ಹಾಕ್ಸಿ ಅಂದ್ರೆ ಒಲೆ ಆರಿಹೋಗುತ್ತೆ ಅಂತೀರಿ. ನಾನೂ ಆ ಗಿಡದ ಪಕ್ಕ ನಿಂತ್ಕೊಳ್ಳಲಾ?" ಎಂದಳು ಗಿರಿಜಾ. ನ್ಯಾಯವಾದ ಪ್ರಶ್ನೆ.

ಮಳೆ ಹಿಡಿದ ಮೇಲೆ ಗಿಡ ಚೇತರಿಸಿಕೊಂಡಿತು. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಎರಡು ಮನೆ ಆಚೆಯ ಮಾದೇವಮ್ಮ ಗೇಟಿನ ಹತ್ತಿರ ನಿಂತು ಕೈಮುಗಿಯುತ್ತಿದ್ದಳು. ನನಗೇ ಇರಬೇಕೆಂದು ನಾನೂ ಮುಗಿದೆ. ನನಗಲ್ಲ!

"ಸಾ, ಎಲೆ ಮ್ಯಾಲೆ ಇಬೂತಿ ಮೂಡದೆ! ಸಿವನೇ ಬಳ್ದವ್ನೆ."

ಅವಳ ಗಂಡ ಬಸಪ್ಪ ತಾಂಡವಪುರದಲ್ಲಿ ಗದ್ದೆ ಮಾಡುವವನು. ಅಲ್ಲಿ ಆಳನ್ನು ಕೂಗಿದರೆ ನಂಜನಗೂಡು ಸ್ಟೇಷನ್ನಿನಲ್ಲಿ ರೈಲಿಗೆ ಕಾದವರು ತಿರುಗಿ ನೋಡಬೇಕು, ಅಂಥ ಗಂಟಲು. ಆ ಗಂಟಲಿಗೇ ಆಪರೇಷನ್ ಆಗಿತ್ತು. ಎಲ್ಲ ಸರಿಹೋಗಿದೆ, ಮಾತಾಡಿ ಎಂದು ಡಾಕ್ಟರು ಹೇಳಿದರೂ, ಮೊದಲ ಸಲ ಬಾಯಿ ತೆರೆದಾಗ ಹೊರಟ ಒರಟು ದನಿ ಕೇಳಿ ತಾನೇ ಬೆಚ್ಚಿ, ಆತ ಬಾಯಿ ಮುಚ್ಚಿದವನು ಮುಚ್ಚಿದ್ದೇ. ಐದು ತಿಂಗಳಾಗಿತ್ತು.

"ಹದ್ನಾರು ಸೋಮಾರ ಒಂದೊಂದು ಎಲೆ ಏರಿಸ್ತೀನಿ ಅಂತ ಅರಕೆ ಕಟ್ಕಂಡಿವ್ನಿ ಸಾ. ಅವರ ಬಾಯಲ್ಲಿ ಒಂದ್ ಮಾತ್ ಬಂದ್ರೆ ಸಾಕು. ನನ್ನ ಬಯ್ಲಿ, ಅಷ್ಟೇ ಸಾಕು."

ಆಗಲೇ ಸತ್ಯ ಹೇಳಬೇಕಿತ್ತು. ಅಮ್ಮ, ಅದು ವಿಭೂತಿಯಲ್ಲ, ಅಷ್ಟು ಜಾಗದಲ್ಲಿ ಹಸಿರಿಲ್ಲ ಎನ್ನಬೇಕಿತ್ತು. ತರಗತಿಯಲ್ಲಿ ಕೇಳದಿದ್ದರೂ ವಿವರಿಸುವ ನಾನು ಅಂದು ಸುಮ್ಮನಾದೆ. ಅವಳ ಮುಖ ನೋಡಿ ಸುಮ್ಮನಾದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ, ನನ್ನ ಗಿಡಕ್ಕೆ ಯಾರೋ ಕೈಮುಗಿದರಲ್ಲ ಎಂಬ ಹೆಮ್ಮೆ. "ಅಪರೂಪದ್ದು" ಎಂದಷ್ಟೇ ಹೇಳಿ, ಒಂದು ಎಲೆ ಕಿತ್ತುಕೊಟ್ಟೆ.

ಆಮೇಲೆ ಎಲೆ ಎಣಿಸಿದೆ. ಇಪ್ಪತ್ತಾರು ಉಳಿದಿದ್ದವು. ಬೇಕಾದದ್ದು ಇನ್ನು ಹದಿನೈದು. ಧಾರಾಳವಾಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಗಿಡದ ಲೆಕ್ಕವೇ ಬೇರೆ. ವಾರಕ್ಕೊಂದು ಎಲೆ ಅಂಚಿನಿಂದ ಕಂದಿ ತಾನಾಗಿಯೇ ಉದುರತೊಡಗಿತು. "ಒಂದು ಎಸಳು ಸಾಲದಾ ಮಾದೇವಮ್ಮ?" ಎಂದು ನಾಚಿಕೆ ಬಿಟ್ಟು ಕೇಳಿದೆ.

"ಸಿವಂಗೂ ಅರ್ಧಂಬರ್ಧ ಕೊಡಾದಾ ಸಾ?" ಎಂದಳು. ಪೂರ್ತಿ ಎಲೆಯೇ ಹೋಯಿತು.

ಆರನೆಯ ಸೋಮವಾರದ ಹೊತ್ತಿಗೆ ಬುಡದ ಹತ್ತಿರ ಒಂದು ಕೊಂಬೆ ಚಿಗುರಿತು. ದಷ್ಟಪುಷ್ಟ ಕೊಂಬೆ. ಎಲೆಯೆಲ್ಲ ಅಚ್ಚ ಹಸಿರು, ಒಂದು ಬಿಳಿ ಚುಕ್ಕೆ ಇಲ್ಲ. ನಾನು ಕುಣಿದೆ. ಮಾದೇವಮ್ಮನ ಮುಖ ಸಣ್ಣದಾಯಿತು.

"ಇದ್ರಲ್ಲಿ ಇಬೂತೀನೇ ಇಲ್ವಲ್ಲ ಸಾ. ಸಿವ ಮುನಿಸ್ಕಂಡ್ನಾ?"

ಅವಳ ಕಣ್ಣಲ್ಲಿ ನೀರಿತ್ತು. ನಾನು ಸ್ಥಳದಲ್ಲೇ ತೀರ್ಮಾನ ಕೈಗೊಂಡೆ. ಇಂಥ ಗಿಡದಲ್ಲಿ ಹಸಿರು ಕೊಂಬೆ ಬಂದರೆ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ ಎಂದು ಫೋನಿನಲ್ಲಿ ಬೇರೆ ಓದಿದ್ದೆ. ಕುಡುಗೋಲು ತಂದು ಒಂದೇ ಏಟಿಗೆ ಕೊಂಬೆ ಇಳಿಸಿದೆ. ಬಿಳಿ ಪಟ್ಟೆಯ ಎಲೆಗಳನ್ನಷ್ಟೇ ಹೊತ್ತು ಗಿಡ ನಿಂತಿತು. ಮಾದೇವಮ್ಮ ಸಮಾಧಾನದಿಂದ ಮನೆಗೆ ಹೋದಳು.

ಮಾರನೆಯ ದಿನ ಎಂಟನೇ ತರಗತಿಯ ಬೋರ್ಡಿನ ಮೇಲೆ "ಎಲೆಯ ಹಸಿರೇ ಗಿಡದ ಅಡುಗೆಮನೆ" ಎಂದು ಬರೆದೆ. ಚಾಕ್‌ಪೀಸ್ ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ಬರೆದ ವಾಕ್ಯ. ನಿನ್ನೆ ನಾನು ಅಡುಗೆಮನೆಯನ್ನೇ ಕೆಡವಿ ಬಂದಿದ್ದೆ!

ಅಡುಗೆಮನೆ ಇಲ್ಲದವರಿಗೆ ಊಟವನ್ನು ಹೊರಗಿನಿಂದ ತರಬೇಕಲ್ಲವೆ? ಗಿಡಕ್ಕೆ ಬೆಲ್ಲದ ನೀರು ಹಾಕಿದೆ. ನಂಜನಗೂಡಿನ ಇರುವೆಗಳೆಲ್ಲ ಕುಟುಂಬ ಸಮೇತ ಬಂದವು. ಇರುವೆ ಓಡಿಸಲು ಅರಿಶಿನ, ಬೇವಿನ ಹಿಂಡಿ ಹಾಕಿದೆ. ಇರುವೆಗಳು ಗಿಡ ಬಿಟ್ಟು ನಮ್ಮ ಅಡುಗೆಮನೆಗೆ ಬಂದವು. "ಗಿಡಕ್ಕೆ ಕಾಫಿ ಮಾಡ್ಕೊಡ್ಲಾ?" ಎಂದು ಗಿರಿಜಾ ಹಲ್ಲು ಕಚ್ಚಿ ಕೇಳಿದಳು. ನಾನು ನಿಜವಾಗಿಯೂ ಒಂದು ಕ್ಷಣ ಯೋಚಿಸಿದೆ.

ಹದಿನೈದನೆಯ ಸೋಮವಾರ ಮುಗಿದಾಗ ಗಿಡದಲ್ಲಿ ಒಂದೇ ಎಲೆ. ವಾರವಿಡೀ ಅದನ್ನು ಕಾದೆ. ಮಾದೇವಮ್ಮನ ಆಸೆ ಆ ತೊಟ್ಟಿನಲ್ಲಿ ನೇತಾಡುತ್ತಿದೆ ಅನ್ನಿಸಿ ಊಟ ಸೇರುತ್ತಿರಲಿಲ್ಲ. ಭಾನುವಾರ ಸಂಜೆ ಗಾಳಿಯೂ ಇರಲಿಲ್ಲ. ನಾನು ನೋಡನೋಡುತ್ತಿದ್ದಂತೆ ಅದು ಉದುರಿ, ಕೈಗೆತ್ತಿಕೊಂಡರೆ ಪುಡಿಯಾಯಿತು.

ಸೋಮವಾರ ಮಾದೇವಮ್ಮ ತಟ್ಟೆಯಲ್ಲಿ ಹೂವು ಕಾಯಿ ಇಟ್ಟುಕೊಂಡು, ಕೊನೆಯ ವಾರವೆಂದು ಬಸಪ್ಪನನ್ನೂ ಕರೆತಂದಳು. ಆತ ತಲೆ ತಗ್ಗಿಸಿ ನಿಂತ. ಅಂಗಳದಲ್ಲಿ ಇದ್ದದ್ದು ಒಂದು ಬೋಳು ಕೋಲು.

ಇನ್ನು ಬಚ್ಚಿಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. "ತಪ್ಪಾಯ್ತು ಮಾದೇವಮ್ಮ" ಎಂದೆ. "ಇದು ದೇವರ ಗಿಡ ಅಲ್ಲ. ಪರದೇಶದ ಮರ. ಆ ಬಿಳಿ ವಿಭೂತಿ ಅಲ್ಲ, ಅಲ್ಲಿ ಹಸಿರಿರಲಿಲ್ಲ ಅಷ್ಟೆ. ಬದುಕೋಕೆ ಅಂತ ಗಿಡ ಒಂದು ಹಸಿರು ಕೊಂಬೆ ಬಿಟ್ಟಿತ್ತು. ಅದನ್ನ ನಾನೇ ಕಡಿದೆ."

ಅವಳು ತಟ್ಟೆ ಹಿಡಿದು ನಿಂತೇ ಇದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬಸಪ್ಪ ನಿಧಾನವಾಗಿ ಬಗ್ಗಿ, ಬುಡದಲ್ಲಿ ನಾನು ಕಡಿದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ. ಕತ್ತಿನ ನರ ಉಬ್ಬಿತು. ಮುಖ ಕೆಂಪೇರಿತು.

"ಅಸ್ರು ಕೊಂಬೆ ಕುಯ್ದ್ಯಾ?"

ಒಡೆದ ದನಿ. ಆದರೆ ದನಿ!

"ಬದ್ಕಿರಾ ಕೊಂಬೆ ಕುಯ್ದು ಸಾಯಾದ್ ಉಳಿಸ್ಕಂಡ್ಯಲ್ಲ, ಯಾವ್ ಸೀಮೆ ಮೇಷ್ಟ್ರಯ್ಯಾ ನೀನು? ದನ ಮೇಯ್ಸೋನ್ಗೂ ಗೊತ್ತಿರ್ತದೆ! ಐಕ್ಳಿಗೆ ಏನ್ ಏಳ್ಕೊಡ್ತೀಯ ನೀನು?"

ಮಾದೇವಮ್ಮನ ಕೈಯಿಂದ ತಟ್ಟೆ ಜಾರಿ ತೆಂಗಿನಕಾಯಿ ಗೇಟಿನವರೆಗೆ ಉರುಳಿತು. "ಬಯ್ರೀ! ಇನ್ನೂ ಬಯ್ರೀ!" ಎಂದು ಅವಳು ಅಳುತ್ತ ಕೂಗಿದಳು. ಐದು ತಿಂಗಳ ಮೇಲೆ ನಾಲ್ಕು ತಿಂಗಳು, ಅಷ್ಟೂ ಮಾತು ಒಳಗೆ ಕೂಡಿಕೊಂಡಿತ್ತೋ ಏನೋ, ಬಸಪ್ಪ ನಿಲ್ಲಿಸಲಿಲ್ಲ. ನಾನು ಕೈಕಟ್ಟಿ ನಿಂತೆ. ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಬೈಸಿಕೊಂಡದ್ದಿಲ್ಲ, ನನ್ನ ಕಣ್ಣೂ ತುಂಬಿತ್ತು. ಗಿರಿಜಾ ಒಳಗಿನಿಂದ ಕುರ್ಚಿ ತಂದಳು. ನನಗಿರಬೇಕು ಎಂದುಕೊಂಡೆ. "ಕೂತ್ಕೊಂಡು ನಿಧಾನಕ್ಕೆ ಬಯ್ರಿ ಬಸಪ್ಪನೋರೆ, ಗಂಟಲು ನೋವಾದೀತು" ಎಂದು ಬಿಸಿನೀರೂ ಕೊಟ್ಟಳು.

ದಿನಾ ಅರ್ಧ ಗಂಟೆ ಗಟ್ಟಿಯಾಗಿ ಮಾತಾಡಿ ಅಭ್ಯಾಸ ಮಾಡಬೇಕೆಂದು ಡಾಕ್ಟರು ಈಗ ಹೇಳಿದ್ದಾರಂತೆ. ಬೇರೆ ಯಾರ ಮುಂದೆ ನಿಲ್ಲಿಸಿದರೂ ಬಸಪ್ಪನಿಗೆ ದನಿ ಅಷ್ಟು ಚೆನ್ನಾಗಿ ಏರುವುದಿಲ್ಲವಂತೆ. ಹಾಗಾಗಿ ಬೆಳಿಗ್ಗೆ ನರಸೀಪುರದ ಬಸ್ಸಿಗೆ ಹೊರಡುವ ಮುಂಚೆ ಅವರ ಮನೆಯ ಜಗಲಿಯ ಮೇಲೆ ಹೋಗಿ ಸುಮ್ಮನೆ ಕೂರುತ್ತೇನೆ. ನನ್ನ ಮುಖ ಕಂಡರೆ ಸಾಕು, ಮಾತು ತಾನಾಗಿ ಬರುತ್ತದೆ!