ಅತ್ತೆಯ ಬ್ಲಾಗ್ ನೆಂಟಸ್ತಿಕೆ

ನಮ್ಮ ಸೋದರತ್ತೆಯ ಎದುರು ಯಾರಾದರೂ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಪುರೋಹಿತರಾಗಲಿ ಪುಢಾರಿಯಾಗಲಿ, ಅವಳಿಗೆ ಎಲ್ಲರೂ ಒಂದೇ. ಗಡಿಯಾರ ನೋಡದೆಯೇ ಅವಳಿಗೆ ಹೊತ್ತು ತಿಳಿಯುತ್ತದೆ. ಗಡುವು ಮುಗಿದ ತಕ್ಷಣ ನಡುವೆ ಬಾಯಿ ಹಾಕಿ, "ಮೂರು ನಿಮಿಷ ಆತು, ಮುಂದುವರ್ಸ್ತೀರಾ?" ಎನ್ನುತ್ತಾಳೆ. ನನ್ನ ತಂಗಿಯನ್ನು ನೋಡಲು ಹೊಳಲ್ಕೆರೆಯಿಂದ ಬಂದಿದ್ದ ಗಂಡಿನ ಅಪ್ಪ ತಮ್ಮ ತೆಂಗಿನ ತೋಟದ ವರ್ಣನೆಯನ್ನು ಇನ್ನೂ ಬೋರ್‌ವೆಲ್‌ವರೆಗೂ ತಂದಿರಲಿಲ್ಲ, ಇವಳು ಕೇಳಿಯೇಬಿಟ್ಟಳು. ಆ ಮನುಷ್ಯ ಕಾಫಿ ಲೋಟ ಕೆಳಗಿಟ್ಟು, ಮುಂದುವರಿಸಬೇಕೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದರು. ಆಕೆ ಬೇಡ ಎಂದು ತಲೆಯಾಡಿಸಿದರು. ಆ ಸಂಬಂಧ ಕುದುರಿತು ಎಂದರೆ ನಂಬುತ್ತೀರಾ? ಗಂಡನ ಬಾಯಿ ಕಟ್ಟಬಲ್ಲ ಬೀಗರು ಆಕೆಗೆ ಬಹಳ ಹಿಡಿಸಿರಬೇಕು.

ಇದು ಹುಚ್ಚಲ್ಲ, ನೌಕರಿ ಅಂಟಿಸಿದ ಚಾಳಿ. ಅತ್ತೆ ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಆಗ ಪರ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಈ ಊರಿನ ಆಪರೇಟರ್ ಆ ಊರಿನ ಆಪರೇಟರನ್ನು ಕರೆದು ಲೈನು ಕೂಡಿಸಿಕೊಡಬೇಕು, ಮೂರು ನಿಮಿಷಕ್ಕೊಮ್ಮೆ ಎಚ್ಚರಿಸಬೇಕು. ಹೀಗೆ ಲೈನು ಕೂಡಿಸುತ್ತಾ ಕೂಡಿಸುತ್ತಾ ಹೊಸದುರ್ಗದ ಆಪರೇಟರ್ ಹೆಂಗಸೊಬ್ಬಳು ಅತ್ತೆಗೆ ಜೀವದ ಗೆಳತಿಯಾದಳು. ಕೆಲಸದ ಹೊತ್ತಿನಲ್ಲಿ ಹೆಸರು ಹೇಳಬಾರದೆಂದು ಸೂಪರ್‌ವೈಸರ್ ಕಟ್ಟಪ್ಪಣೆ. ಹಾಗಾಗಿ ಇವಳು ಅವಳಿಗೆ 'ಹಿರಿಯೂರು', ಅವಳು ಇವಳಿಗೆ 'ಹೊಸದುರ್ಗ'. ಮಧ್ಯಾಹ್ನ ಕಾಲ್‌ಗಳು ಕಡಿಮೆಯಾದಾಗ ಇಬ್ಬರೂ ಟಿಫಿನ್ ಡಬ್ಬಿ ಬಿಚ್ಚಿಕೊಂಡು, ಒಳಗಿದ್ದುದನ್ನು ಒಬ್ಬರಿಗೊಬ್ಬರು ಬಣ್ಣಿಸುತ್ತಾ ಉಣ್ಣುತ್ತಿದ್ದರಂತೆ. ಒಂದು ದಿನ ಇಬ್ಬರಿಗೂ ನಡುವೆ ಸಿಗುವ ಮಾರಿಕಣಿವೆ ಅಣೆಕಟ್ಟಿನ ಹತ್ತಿರ ಭೇಟಿಯಾಗಬೇಕೆಂದು ಮಾತಾಗಿತ್ತು. ಆದರೆ ಇವಳಿಗೆ ರಜೆ ಸಿಕ್ಕರೆ ಅವಳಿಗೆ ಇಲ್ಲ, ಅವಳಿಗೆ ಸಿಕ್ಕರೆ ಇವಳಿಗೆ ಇಲ್ಲ.

ಅಷ್ಟರಲ್ಲಿ ತೊಂಬತ್ತರ ದಶಕ ಬಂತು. ಜನ ತಾವೇ ನಂಬರು ತಿರುಗಿಸಿಕೊಳ್ಳುವ ಹಾಗಾಯಿತು, ಲೈನು ಕೂಡಿಸುವ ಬೋರ್ಡು ಗುಜರಿಗೆ ಹೋಯಿತು, ಆಪರೇಟರುಗಳು ದಿಕ್ಕಿಗೊಬ್ಬರಾದರು. ಅತ್ತೆ ಬಸ್ಸು ಹತ್ತಿ ಹೊಸದುರ್ಗಕ್ಕೇ ಹೋಗಿ ವಿಚಾರಿಸಿದಳು. ಅಲ್ಲಿದ್ದವರು ಬಹಳ ಮರ್ಯಾದೆಯಿಂದ, "ಹೆಸರೇನು ಹೇಳ್ರಿ ಮೇಡಂ" ಎಂದರು. ಹೆಸರು ಗೊತ್ತಿದ್ದರೆ ತಾನೇ! ಬಂದ ಬಸ್ಸಿನಲ್ಲೇ ವಾಪಸಾದಳು.

ಮುಂದೆ ನಾನು ಊರಿನಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಮನಸ್ಸು ಬಂದಾಗ ಬರುವ ಇಂಟರ್ನೆಟ್ಟು. ಹೊತ್ತಿಗೆ ಸರಿಯಾಗಿ ಅತ್ತೆ ನಿವೃತ್ತಳಾಗಿ ಬಂದು ಒಂದು ಕಂಪ್ಯೂಟರಿನ ಮುಂದೆ ಕುಳಿತವಳು ಏಳಲೇ ಇಲ್ಲ. ಲಗ್ನಪತ್ರಿಕೆ ಮಾಡಿಸಲು ಬಂದವರು ನಿಂತೇ ಇರಬೇಕಾಯಿತು. ಸರ್ಚ್ ಎಂಜಿನ್ನಿನಲ್ಲಿ ಏನು ಕೇಳಿದರೂ ಸಿಗುತ್ತದೆಂದು ಯಾರೋ ಅವಳ ತಲೆಗೆ ತುಂಬಿದ್ದರು. 'ಹೊಸದುರ್ಗ' ಎಂದು ಹುಡುಕಿದಳು. ಬಸ್ಸಿನ ವೇಳಾಪಟ್ಟಿ ಬಂತು, ಹಾಲುರಾಮೇಶ್ವರಕ್ಕೆ ಹೋಗುವ ದಾರಿ ಬಂತು, ಗೆಳತಿ ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ ಹೇಳಿದಳು: "ನಾನು ಹುಡುಕಿದ್ರೆ ಅವಳು ಸಿಗ್ತಿಲ್ಲ. ಹಂಗಾದ್ರೆ ಅವಳು ಹುಡುಕಿದ್ರೆ ನಾನು ಸಿಗಂಗೆ ಮಾಡು."

ಹೀಗೆ ಹುಟ್ಟಿದ್ದು ಅತ್ತೆಯ ಬ್ಲಾಗು. ಗೆಳತಿ ಯಾವ ಪದ ಹಾಕಿ ಹುಡುಕುತ್ತಾಳೋ ಏನೋ ಎಂದು ಎಲ್ಲ ಪದಗಳನ್ನೂ ಎಲ್ಲ ಕಡೆಯೂ ತುರುಕಿದಳು. ಹುರುಳಿ ಸಾರಿನ ವಿಧಾನ ಬರೆದರೆ ಅದರಲ್ಲಿ ಹೀಗಿರುತ್ತಿತ್ತು: 'ಒಗ್ಗರಣೆ ಹಾಕಿ, ಟ್ರಂಕ್ ಕಾಲ್ ಹಿರಿಯೂರು ಹೊಸದುರ್ಗ, ಕೊತ್ತಂಬರಿ ಉದುರಿಸಿ, ಟ್ರಂಕ್ ಕಾಲ್ ಹಿರಿಯೂರು ಹೊಸದುರ್ಗ.' ಸಾರು ಮಾಡಿದವರ ಗತಿ ದೇವರಿಗೇ ಪ್ರೀತಿ. ಆದರೆ ಆ ಪದಗಳನ್ನು ಹುಡುಕಿದರೆ ಅತ್ತೆಯೇ ಮೊಟ್ಟಮೊದಲು ಬರುತ್ತಿದ್ದಳು!

ಆಮೇಲೆ ಯಾರೋ ಕಿವಿ ಊದಿದರು. ಬೇರೆಯವರ ಬ್ಲಾಗಿನಲ್ಲಿ ಅತಿಥಿಯಾಗಿ ಬರೆದು, ಕೊನೆಯಲ್ಲಿ ನಮ್ಮ ಬ್ಲಾಗಿನ ಲಿಂಕ್ ಹಾಕಿಸಿಕೊಂಡರೆ ಇನ್ನೂ ಭದ್ರವಾಗಿ ಮೇಲೆ ಕೂರಬಹುದಂತೆ. ಸರಿ, ಅತ್ತೆ ಒಂದೇ ಲೇಖನವನ್ನು ಸಿಕ್ಕಸಿಕ್ಕವರಿಗೆಲ್ಲ ಕಳಿಸತೊಡಗಿದಳು. ಕವಿತೆಯ ಬ್ಲಾಗಿಗೂ ಅದೇ, ಷೇರುಪೇಟೆಯ ಬ್ಲಾಗಿಗೂ ಅದೇ. ಕುರಿಗಳ ರೋಗರುಜಿನದ ಬಗ್ಗೆ ಬರೆಯುವ ಒಬ್ಬರಿಗೆ ಮಾತ್ರ ಮೊದಲ ಸಾಲು ಬದಲಾಯಿಸಿದ್ದಳು: 'ಕುರಿ ಸಾಕುವವರೂ ಒಂದು ಕಾಲದಲ್ಲಿ ಟ್ರಂಕ್ ಕಾಲ್ ಮಾಡುತ್ತಿದ್ದರು.' ಅವರು ಪಾಪ, ದಾಕ್ಷಿಣ್ಯಕ್ಕೆ ಹಾಕಿಕೊಂಡರು.

ಒಂದು ಬೆಳಿಗ್ಗೆ ನೋಡಿದರೆ ಅತ್ತೆಯ ಬ್ಲಾಗು ಮೊದಲ ಪುಟದಲ್ಲಿಲ್ಲ, ಎರಡನೆಯದರಲ್ಲಿಲ್ಲ, ಎಲ್ಲೂ ಇಲ್ಲ. ಸರ್ಚ್ ಎಂಜಿನ್ನಿನವರು ಅಲ್ಗಾರಿದಂ ಬದಲಾಯಿಸಿದ್ದಾರೆ, ಯಾರನ್ನು ಮೇಲೆ ಕೂರಿಸಬೇಕು ಎನ್ನುವ ಲೆಕ್ಕಾಚಾರವೇ ಬೇರೆಯಾಗಿದೆ, ಪದ ತುರುಕಿದವರನ್ನೂ ಕಂಡಲ್ಲೆಲ್ಲ ಲಿಂಕ್ ನೆಟ್ಟವರನ್ನೂ ಹಿಂದಕ್ಕೆ ತಳ್ಳುತ್ತಿದ್ದಾರೆ ಎಂದು ನಾನು ವಿವರಿಸಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಬಂದದ್ದು ಕುತೂಹಲ. ಅದಕ್ಕೆ ಹೇಗೆ ಗೊತ್ತಾಗುತ್ತದೆ? ಅದು ಓದುತ್ತದೋ, ಸುಮ್ಮನೆ ಎಣಿಸುತ್ತದೋ? ಮನಸ್ಸಿನಿಂದ ಬರೆದದ್ದು ಯಾವುದು, ಬೇಕಂತಲೇ ತುರುಕಿದ್ದು ಯಾವುದು ಎಂದು ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ನನ್ನನ್ನು ಕೇಳಿದಳು, ಗಿರಾಕಿಗಳನ್ನು ಕೇಳಿದಳು, ವಿದ್ಯುತ್ ಮೀಟರ್ ಓದಲು ಬಂದವನನ್ನೂ ಬಿಡಲಿಲ್ಲ. ಎರಡು ದಿನ ಬಿಟ್ಟು ತಾನೇ ತೀರ್ಪು ಕೊಟ್ಟಳು.

"ನೋಡಪ್ಪ, ಪಕ್ಕದ ಮನೇಗೆ ಸಾರು ಕೊಟ್ರೆ ಪಾತ್ರೆ ಖಾಲಿ ವಾಪಸ್ ಬರಲ್ಲ. ಬೆಲ್ಲನೋ ಸಕ್ರೆನೋ ಹಾಕಿ ಕೊಡ್ತಾರೆ. ನಾನು ಮಾಡಿದ್ದೇನು? ಬೆಲ್ಲ ಬರ್ಲಿ ಅಂತ ಊರ ತುಂಬ ಖಾಲಿ ಪಾತ್ರೆ ಕಳಿಸ್ದೆ. ಅದಕ್ಕೆ ನಾಚಿಕೆ ಆಗಬೇಕಾದ್ದು ಯಂತ್ರಕ್ಕಲ್ಲ, ನನಗೆ."

ಅಂದೇ ಎಲ್ಲರಿಗೂ ಕ್ಷಮೆ ಕೇಳಿ ತನ್ನ ಲೇಖನ ತೆಗೆಸಿಹಾಕಿದಳು. ಕುರಿಯವರು ಸಂತೋಷದಿಂದ ತೆಗೆದರಂತೆ.

ಆಮೇಲೆ ನಡೆದದ್ದೇ ಬೇರೆ ನೆಂಟಸ್ತಿಕೆ. ಯಾರೋ ಒಬ್ಬ ಗೃಹಿಣಿಯ ಅಡುಗೆ ಬ್ಲಾಗನ್ನು ಆರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಹೊಸಬರು ಮೊದಲು ಜಗಲಿಯಲ್ಲಿ ಕೂರಬೇಕು, ನೆಟ್ಟಗೆ ಅಡುಗೆಮನೆಗೆ ನುಗ್ಗಬಾರದು ಎಂದು ನನಗೇ ಪಾಠ. ವಾರಗಟ್ಟಲೆ ಬರೀ ಪ್ರತಿಕ್ರಿಯೆ ಬರೆದಳು: ಈ ಪಲ್ಯಕ್ಕೆ ಉಪ್ಪು ಯಾವಾಗ ಹಾಕಬೇಕೆಂದು ನೀವು ಹೇಳಿಲ್ಲ, ಆ ರೊಟ್ಟಿಗೆ ಬಿಸಿನೀರೇ ಆಗಬೇಕು. ಕೊನೆಗೆ ಆ ಗೃಹಿಣಿಯೇ ನೀವೂ ಒಂದು ಬರೆದುಕೊಡಿ ಎಂದು ಕೇಳಿದ ಮೇಲೆಯೇ ಇವಳು ಕೀಲಿಮಣೆ ಮುಟ್ಟಿದ್ದು.

ಬರೆದದ್ದು ಹುಚ್ಚೆಳ್ಳು ಚಟ್ನಿಪುಡಿಯ ಬಗ್ಗೆ. ಅದನ್ನು ತನಗೆ ಹೇಳಿಕೊಟ್ಟದ್ದು ತಾನು ಕಂಡೇ ಇರದ ಒಬ್ಬ ಗೆಳತಿ, ಅವಳ ಕೈಯ ರುಚಿ ಹೇಗಿರುತ್ತದೋ ತನಗೆ ಇವತ್ತಿಗೂ ಗೊತ್ತಿಲ್ಲ, ಕಿವಿಯಿಂದ ಕಲಿತದ್ದನ್ನೇ ಇಷ್ಟು ವರ್ಷ ಮಾಡಿಕೊಂಡು ಬಂದಿದ್ದೇನೆ ಎಂದು ಬರೆದಿದ್ದಳು. ಟ್ರಂಕ್ ಕಾಲ್ ಇಲ್ಲ, ಹಿರಿಯೂರಿಲ್ಲ, ಹೊಸದುರ್ಗವೂ ಇಲ್ಲ. ಹೀಗಾದರೆ ಅವಳಿಗೆ ನೀನು ಸಿಗುವುದು ಹೇಗೆ ಅತ್ತೆ ಎಂದು ನಾನು ತಲೆ ಚಚ್ಚಿಕೊಂಡೆ. ನೆಂಟರ ಮನೆಯಲ್ಲಿ ಊಟಕ್ಕೆ ಕುಳಿತು ನಮ್ಮ ಮನೆಯ ಪುರಾಣ ಎಷ್ಟು ಹೇಳಬೇಕೋ ಅಷ್ಟೇ ಹೇಳಬೇಕಂತೆ. ಆದರೂ ದಿನಾ ಬೆಳಿಗ್ಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಪ್ರತಿಕ್ರಿಯೆ ಬಂತಾ ಎಂದು ಕೇಳುತ್ತಿದ್ದಳು. ಇಲ್ಲ ಎನ್ನಲು ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಬಂತು. ದುರ್ಗದಿಂದ, ಅಂದರೆ ನಮ್ಮ ಚಿತ್ರದುರ್ಗದಿಂದಲೇ, ಒಬ್ಬಳು ಸೊಸೆ ಬರೆದಿದ್ದಳು: 'ಇದನ್ನು ಜೋರಾಗಿ ಓದಿ ಹೇಳುತ್ತಿದ್ದೆ. ನಮ್ಮತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಕೇಳುತ್ತಿದ್ದಾರೆ: ಬೆಳ್ಳುಳ್ಳಿ ಸಿಪ್ಪೆ ಸಮೇತ ಹಾಕು ಅಂತ ಹೇಳಿದ್ದೆನಲ್ಲ, ಅದನ್ಯಾಕೆ ಬಿಟ್ಟೆ ಹಿರಿಯೂರು?'

ಆ ಗೆಳತಿ ಜನ್ಮದಲ್ಲಿ ಕಂಪ್ಯೂಟರ್ ಮುಟ್ಟಿದವಳಲ್ಲವಂತೆ. ಸರ್ಚ್ ಎಂಜಿನ್ ನಮ್ಮತ್ತೆಯನ್ನು ಎಷ್ಟು ಮೇಲೆ ಕೂರಿಸಿದ್ದರೂ ಅವಳು ಹುಡುಕುತ್ತಲೇ ಇರಲಿಲ್ಲ.

ಬ್ಲಾಗಿನ ಗೃಹಿಣಿಯ ಮೂಲಕ ನಂಬರು ತರಿಸಿಕೊಂಡೆವು. ಊರಿಗೆಲ್ಲ ಲೈನು ಕೂಡಿಸಿದ ಅತ್ತೆ ಅವತ್ತು ಫೋನನ್ನು ನನ್ನ ಕಡೆ ತಳ್ಳಿದಳು. "ನೀನೇ ಒತ್ತು" ಎಂದಳು. ಒತ್ತಿ ರಿಸೀವರ್ ಕೊಟ್ಟೆ. ಅತ್ತೆ ಅದನ್ನು ಕಿವಿಗಿಟ್ಟು, "ಹಿರಿಯೂರು" ಎಂದಳು. ಆ ಕಡೆಯಿಂದ "ಹೊಸದುರ್ಗ" ಎಂದಿತು. ಅಷ್ಟೇ. ಜೀವನವಿಡೀ ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟ ಇಬ್ಬರಿಗೂ ತಮ್ಮದೇ ಮಾತು ಹೊರಡಲಿಲ್ಲ. ಅತ್ತೆ ಸದ್ದಿಲ್ಲದೆ ಅಳುತ್ತಿದ್ದಳು. ನಾನು ಯಾರದೋ ಲಗ್ನಪತ್ರಿಕೆಯ ಗಣಪತಿಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತಾ ಕುಳಿತೆ.

ಆಮೇಲೆ ಆ ದನಿ, ಆಪರೇಟರ್ ದನಿಯಲ್ಲವೇ, ರಿಸೀವರ್ ದಾಟಿ ನನಗೂ ಕೇಳಿಸಿತು.

"ಮೂರು ನಿಮಿಷ ಆತು. ಮುಂದುವರ್ಸ್ತೀರಾ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಟ್ ಮಾಡಬ್ಯಾಡ ಹೊಸದುರ್ಗ," ಎಂದಳು. "ಇನ್ನೂ ಡಬ್ಬೀನೇ ಬಿಚ್ಚಿಲ್ಲ."